ಮಗು ಅದೇ, ದೇಶ ಬದಲಾದರೆ ‘ಜಾಣ’ ಹೋಗಿ ‘ಸೋಮಾರಿ’ ಆಗಿಬಿಡುತ್ತಾನಾ?

ಊರೂರು ಸುತ್ತುವವಳು:
ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಯಜಮಾನರ ಕೆಲಸದ ದೆಸೆಯಿಂದ ನಾವು ದೇಶ ಬದಲಿಸುತ್ತಲೇ ಇದ್ದೇವೆ. ಮಗ ಈಗ ನಾಲ್ಕನೇ ಕ್ಲಾಸು. ಅಮೆರಿಕದಲ್ಲಿದ್ದಾಗ ಶಾಲೆಯವರೇ ಪರೀಕ್ಷೆ ಮಾಡಿ ‘ಗಿಫ್ಟೆಡ್’ (ವಿಶೇಷ ಪ್ರತಿಭಾವಂತ) ಎಂದರು. ಆಗಾಗ ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಒಗಟು, ಪ್ರಯೋಗ ಅಂತ ಏನೇನೋ ಮಾಡಿಸುತ್ತಿದ್ದರು. ಬರವಣಿಗೆ ಮಾತ್ರ ಕೋಳಿ ಕೆದರಿದ ಹಾಗೆ. ಕೇಳಿದರೆ, ತಲೆ ಓಡುವ ವೇಗಕ್ಕೆ ಕೈ ಓಡಲ್ಲ ಬಿಡಿ, ಆಮೇಲೆ ಸರಿಹೋಗುತ್ತೆ ಎಂದರು.

ಆಮೇಲೆ ಜಪಾನ್. ಟೀಚರ್ ತುಂಬ ಒಳ್ಳೆಯವರು. ಆದರೆ ಅವರ ಪ್ರಕಾರ ಇವನಿಗೆ ಬುದ್ಧಿ ಇದೆ, ಪ್ರಯತ್ನ ಇಲ್ಲ. ಕಾಂಜಿ, ಅಂದರೆ ಜಪಾನಿ ಚಿತ್ರಲಿಪಿ, ತಿದ್ದುವ ಪುಸ್ತಕದಲ್ಲಿ ಗೆರೆ ಚೌಕದಿಂದ ಒಂದಿಷ್ಟು ಹೊರಗೆ ಬಂದರೂ ಕೆಂಪು ಪೆನ್ಸಿಲ್ ಗುರುತು. ಅಳಿಸು, ಮತ್ತೆ ಬರಿ. ಅಳಿಸಿ ಅಳಿಸಿ ಕಾಗದ ತೂತಾಗುತ್ತಿತ್ತು.

ಈಗ ಜರ್ಮನಿ, ಬವೇರಿಯಾ. ಇಲ್ಲಿಗೆ ಬಂದು ಎರಡನೇ ವರ್ಷ. ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ವಿಂಗಡಿಸುತ್ತಾರೆ. ಇವನಿಗೆ ಗಿಮ್ನಾಸಿಯಂ, ಅಂದರೆ ವಿಶ್ವವಿದ್ಯಾಲಯಕ್ಕೆ ಸಿದ್ಧಪಡಿಸುವ ಪ್ರೌಢಶಾಲೆ, ಸಾಧ್ಯವೇ ಇಲ್ಲ ಎಂದಿದ್ದಾರೆ. ಜೊತೆಗೆ, ಮೆಲ್ಲಗೆ, ವಿಶೇಷ ಶಾಲೆಯ ಮಾತೂ ತೆಗೆದಿದ್ದಾರೆ.

ಯಾರು ಸರಿ? ಒಬ್ಬರಿಗೆ ಕಾಣುವ ಮಗು ಇನ್ನೊಬ್ಬರಿಗೆ ಯಾಕೆ ಕಾಣಲ್ಲ?

ಎರಡನೇ ಬೆಂಚು:
ಮೂರೂ ಜನ ಅರ್ಧರ್ಧ ಸರಿ. ಒಬ್ಬರಿಗೆ ತಲೆ ಕಂಡಿತು, ಒಬ್ಬರಿಗೆ ಕೈ, ಇನ್ನೊಬ್ಬರಿಗೆ ಮಾರ್ಕ್ಸ್ ಕಾರ್ಡ್.

ಹಳೇ ಮೇಷ್ಟ್ರು:
ನೀವು ಹೇಳಿದ್ದು ಕೇಳಿದರೆ ಡಿಸ್‌ಗ್ರಾಫಿಯಾ ಇರಬಹುದು ಅನಿಸುತ್ತೆ, ಅಂದರೆ ಬರೆಯುವುದೇ ಕಷ್ಟವಾಗುವ ಕಲಿಕೆಯ ತೊಂದರೆ. ಇಂಟರ್ನೆಟ್ಟಿನಲ್ಲಿ ಯಾರೂ ರೋಗ ಹೇಳಬಾರದು, ಆದರೂ ಪರೀಕ್ಷೆ ಮಾಡಿಸಿ. ಒಂದೇ ಮಗುವಿನಲ್ಲಿ ಹೆಚ್ಚಿನ ಬುದ್ಧಿವಂತಿಕೆಯೂ ಕಲಿಕೆಯ ತೊಂದರೆಯೂ ಇರುವುದು ಅಪರೂಪ ಅಲ್ಲ. ಅಮೆರಿಕದವರು ಇಂಥವರನ್ನು ‘ಟ್ವೈಸ್ ಎಕ್ಸೆಪ್ಷನಲ್’ ಎನ್ನುತ್ತಾರೆ. ಇಂಥ ಮಕ್ಕಳದ್ದು ಒಂದು ತಾಪತ್ರಯ. ಜಾಣತನ ತೊಂದರೆಯನ್ನು ಮುಚ್ಚುತ್ತೆ, ತೊಂದರೆ ಜಾಣತನವನ್ನು ಮುಚ್ಚುತ್ತೆ. ಕೊನೆಗೆ ಟೀಚರ್ ಕಣ್ಣಿಗೆ ಬೀಳುವುದು ಒಬ್ಬ ಸಾಧಾರಣ ಹುಡುಗ, ಸ್ವಲ್ಪ ಸೋಮಾರಿ.

ಜಪಾನಿನ ಟೀಚರನ್ನು ಪೂರ್ತಿ ಬಯ್ಯಬೇಡಿ. ಹೆರಾಲ್ಡ್ ಸ್ಟೀವನ್ಸನ್, ಜೇಮ್ಸ್ ಸ್ಟಿಗ್ಲರ್ ಅಂತ ಇಬ್ಬರು ಸಂಶೋಧಕರು 1980ರ ದಶಕದಲ್ಲಿ ಜಪಾನ್, ತೈವಾನ್, ಅಮೆರಿಕದ ತರಗತಿಗಳನ್ನೂ ತಾಯಂದಿರನ್ನೂ ಹೋಲಿಸಿ ನೋಡಿದರು. ಮಗು ಲೆಕ್ಕದಲ್ಲಿ ಹಿಂದೆ ಬಿದ್ದರೆ ಜಪಾನಿನ ತಾಯಂದಿರು ಹೆಚ್ಚಾಗಿ ಪ್ರಯತ್ನ ಸಾಲದು ಎನ್ನುತ್ತಿದ್ದರು. ಅಮೆರಿಕದವರು ಹುಟ್ಟು ಸಾಮರ್ಥ್ಯಕ್ಕೆ ಅವರಿಗಿಂತ ಜಾಸ್ತಿ ತೂಕ ಕೊಡುತ್ತಿದ್ದರು. ಪ್ರಯತ್ನವನ್ನು ನಂಬುವ ಶಾಲೆ ಯಾವ ಮಗುವನ್ನೂ ದಡ್ಡ ಎಂದು ಮೂಲೆಗೆ ತಳ್ಳಲ್ಲ, ಅದು ದೊಡ್ಡ ಗುಣ. ಆದರೆ ಪ್ರಯತ್ನದಿಂದ ಹೋಗದ ತೊಂದರೆ ಇರುವ ಮಗುವಿಗೆ ಅದೇ ಶಾಲೆ ನರಕ.

ಜಗಳಗಂಟ:
ಮೇಷ್ಟ್ರೇ, ಇದು ನಲವತ್ತು ವರ್ಷದ ಹಿಂದಿನ ಕಥೆ. ಜಪಾನ್ ಈಗ ಹಾಗಿಲ್ಲ.

ಹಳೇ ಮೇಷ್ಟ್ರು:
ಕಾನೂನು ಬದಲಾಗಿದೆ, ಒಪ್ಪಿದೆ. 2007ರಲ್ಲಿ ವಿಶೇಷ ಶಿಕ್ಷಣದ ವ್ಯವಸ್ಥೆಯನ್ನೇ ಬದಲಿಸಿ, ಸಾಮಾನ್ಯ ತರಗತಿಯಲ್ಲಿರುವ ಡಿಸ್ಲೆಕ್ಸಿಯಾ (ಓದು-ಬರಹದ ತೊಂದರೆ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಕ್ಕಳನ್ನೂ ಸೇರಿಸಿಕೊಂಡರು. 2016ರಿಂದ ಸರ್ಕಾರಿ ಶಾಲೆಗಳು ಅಂಗವಿಕಲ ಮಕ್ಕಳಿಗೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. 2022ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಟೀಚರುಗಳನ್ನು ಕೇಳಿದಾಗ, ಪ್ರಾಥಮಿಕ ಮತ್ತು ಕಿರಿಯ ಪ್ರೌಢಶಾಲೆಯ ಸಾಮಾನ್ಯ ತರಗತಿಗಳಲ್ಲಿ ಶೇ 8.8ರಷ್ಟು ಮಕ್ಕಳಿಗೆ ಕಲಿಕೆಯಲ್ಲೋ ನಡವಳಿಕೆಯಲ್ಲೋ ಗಟ್ಟಿ ತೊಂದರೆ ಇದೆ ಎಂದರು. ಅದಕ್ಕೂ ಹತ್ತು ವರ್ಷ ಮೊದಲು ಇಂಥದ್ದೇ ಪ್ರಶ್ನೆಗೆ ಬಂದ ಉತ್ತರ 6.5. ಕಣ್ಣು ತೆರೆದಿದೆ ಅಂತಲೇ ಅರ್ಥ. ಆದರೆ ಕೆಂಪು ಪೆನ್ಸಿಲ್ ಹಿಡಿದವರ ಅಭ್ಯಾಸ ಸುತ್ತೋಲೆಯಿಂದ ಬದಲಾಗಲ್ಲ.

ಲೆಕ್ಕದಪುಸ್ತಕ:
ಎಲ್ಲರೂ ಕೈಬರಹ ಹಿಡಿದುಕೊಂಡಿದ್ದೀರಿ. ಭಾಷೆ ಯಾರೂ ಕೇಳಲಿಲ್ಲ. ಇಂಗ್ಲಿಷು, ಜಪಾನೀಸು, ಈಗ ಜರ್ಮನ್. ಮನೆಯಲ್ಲಿ ಕನ್ನಡ. ಒಂಬತ್ತು ವರ್ಷದ ಹುಡುಗನಿಗೆ!

ಊರೂರು ಸುತ್ತುವವಳು:
ಭಾಷೆ ತೊಂದರೆ ಇಲ್ಲ ಸರ್. ಪಕ್ಕದ ಮನೆ ಹುಡುಗರ ಜೊತೆ ಜರ್ಮನ್‌ನಲ್ಲೇ ಜಗಳ ಆಡುತ್ತಾನೆ. ನಮಗೇ ತರ್ಜುಮೆ ಮಾಡಿ ಹೇಳುತ್ತಾನೆ.

ಲೆಕ್ಕದಪುಸ್ತಕ:
ಎಡವುವುದು ಅಲ್ಲೇ ಮೇಡಂ. ಕೆನಡಾದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ ಹೇಳುತ್ತಾ ಬಂದಿರುವುದು ಇದನ್ನೇ. ಆಟದ ಬಯಲಿನ ಭಾಷೆ ಎರಡು ವರ್ಷದಲ್ಲಿ ಬಂದುಬಿಡುತ್ತೆ. ಪಾಠದ ಭಾಷೆಯಲ್ಲಿ ಆ ದೇಶದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಮಗು ಚೆನ್ನಾಗಿ ಮಾತಾಡುತ್ತೆ, ಆದರೆ ಪುಸ್ತಕದ ಪ್ರಶ್ನೆ ಅರ್ಥ ಆಗಲ್ಲ. ಟೀಚರ್ ಏನು ಅಂದುಕೊಳ್ಳುತ್ತಾರೆ? ಭಾಷೆ ಬರುತ್ತಲ್ಲ, ಹಾಗಾದರೆ ಬುದ್ಧಿಯೇ ಕಡಿಮೆ. ವಲಸೆ ಬಂದವರ ಮಕ್ಕಳು ವಿಶೇಷ ಶಾಲೆಗೆ ಹೋಗಿ ಬೀಳುವ ದಾರಿಗಳಲ್ಲಿ ಇದೂ ಒಂದು.

ಸಂಜೆಮಳೆ:
ಹೌದು. ಕ್ಯಾಲಿಫೋರ್ನಿಯಾದಲ್ಲಿ ಇದೇ ರೀತಿಯದ್ದು ಕೋರ್ಟಿಗೆ ಹೋಗಿತ್ತು, ಲ್ಯಾರಿ ಪಿ. ಪ್ರಕರಣ. ಕಪ್ಪು ಮಕ್ಕಳನ್ನು ಐಕ್ಯೂ ಪರೀಕ್ಷೆ ಮಾಡಿ, ಅಂಕ ಕಡಿಮೆ ಬಂತು ಅಂತ ಬುದ್ಧಿಮಾಂದ್ಯರ ತರಗತಿಗೆ ಹಾಕುತ್ತಿದ್ದರು. ಪರೀಕ್ಷೆಯೇ ಪಕ್ಷಪಾತದ್ದು, ಇದಕ್ಕೆ ಬಳಸಬೇಡಿ ಅಂತ 1979ರಲ್ಲಿ ತೀರ್ಪು ಬಂತು.

ಜಗಳಗಂಟ:
ಐಕ್ಯೂ ಪರೀಕ್ಷೆ ತೆಗೆದುಹಾಕಿದರೆ ಉಳಿಯುವುದು ಏನು? ಟೀಚರ್ ಅಭಿಪ್ರಾಯ. ಅದು ಇನ್ನೂ ಪಕ್ಷಪಾತ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಮೊದಲು ಟೀಚರೋ ಅಪ್ಪ ಅಮ್ಮನೋ ಹೆಸರು ಹೇಳಿದ ಮಕ್ಕಳನ್ನು ಮಾತ್ರ ಗಿಫ್ಟೆಡ್ ಪರೀಕ್ಷೆಗೆ ಕರೆಯುತ್ತಿದ್ದರು. ಆಮೇಲೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ಪರೀಕ್ಷೆ ಕೊಟ್ಟರು. ಬಡವರ ಮಕ್ಕಳು, ಕಪ್ಪು ಮಕ್ಕಳು, ಹಿಸ್ಪಾನಿಕ್ ಮಕ್ಕಳು ಎಷ್ಟೋ ಜಾಸ್ತಿ ಸಿಕ್ಕರು. ಕಾರ್ಡ್, ಜೂಲಿಯಾನೋ ಇಬ್ಬರ ಅಧ್ಯಯನ ಇದೆ. ಅಲ್ಲಿಯವರೆಗೆ ಆ ಮಕ್ಕಳು ಎಲ್ಲಿದ್ದರು? ಅದೇ ಕ್ಲಾಸಿನಲ್ಲಿ, ಅದೇ ಟೀಚರ್ ಕಣ್ಣೆದುರು.

ಕಪ್ಪುಹಲಗೆ:
ಎಂಥ ಪರೀಕ್ಷೆ, ಯಾವುದರಲ್ಲಿ ಪರೀಕ್ಷೆ ಅನ್ನೋದೂ ಬೇಕಲ್ವಾ? ಮನಶ್ಶಾಸ್ತ್ರಜ್ಞ ರಾಬರ್ಟ್ ಸರ್ಪೆಲ್ ಜಾಂಬಿಯಾದ ಮತ್ತು ಇಂಗ್ಲೆಂಡಿನ ಮಕ್ಕಳಿಗೆ ಆಕಾರಗಳನ್ನು ನೋಡಿ ಅದರಂತೆ ಮಾಡಲು ಹೇಳಿದ. ಪೆನ್ಸಿಲ್ ಕಾಗದ ಕೊಟ್ಟಾಗ ಇಂಗ್ಲೆಂಡಿನವರು ಮುಂದು. ತಂತಿ ಬಗ್ಗಿಸಿ ಮಾಡಿ ಎಂದಾಗ ಜಾಂಬಿಯಾದವರು ಮುಂದು, ಅವರು ತಂತಿಯಲ್ಲಿ ಆಟದ ಕಾರು ಮಾಡಿಕೊಂಡೇ ಬೆಳೆದವರು. ಜೇಡಿಮಣ್ಣು ಕೊಟ್ಟಾಗ ಇಬ್ಬರೂ ಸಮ.

ನನಗೆ ಇದಕ್ಕಿಂತ ಇಷ್ಟವಾದದ್ದು ಬ್ರೆಜಿಲ್‌ನ ರೆಸಿಫೆಯದ್ದು. 1985ರಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಹತ್ತಿರ ಸಂಶೋಧಕರು ಗಿರಾಕಿಗಳಂತೆ ಹೋದರು. ಒಂದು ತೆಂಗಿನಕಾಯಿಗೆ 35 ಕ್ರುಝೇರೊ, ಹತ್ತಕ್ಕೆ ಎಷ್ಟು? ಹನ್ನೆರಡು ವರ್ಷದ ಹುಡುಗ ಯೋಚಿಸಿದ: ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಇನ್ನು ನಾಲ್ಕು ಬೇಕು... 315... 350. ಶಾಲೆಯಲ್ಲಿ ಕಲಿಸುವ ಹಾಗೆ ಸೊನ್ನೆ ಸೇರಿಸಲಿಲ್ಲ, ತಾನು ದಿನಾ ಮಾರುವ ಮೂರರ ಲೆಕ್ಕದಲ್ಲಿ ಏರುತ್ತಾ ಹೋದ. ಬೀದಿಯಲ್ಲಿ ಆ ಮಕ್ಕಳ ಉತ್ತರ ಶೇ 98 ಸರಿ. ಅದೇ ಅಂಕಿಗಳನ್ನು ಬರಿಯ ಲೆಕ್ಕ ಮಾಡಿ ಕಾಗದದ ಮೇಲೆ ಕೊಟ್ಟಾಗ ಶೇ 37. ಆ ಹುಡುಗ ಶಾಲೆಯ ಪಟ್ಟಿಯಲ್ಲಿ ಯಾವ ಗುಂಪು ಹೇಳಿ?

ಎರಡನೇ ಬೆಂಚು:
ಲಾಸ್ಟ್ ಬೆಂಚು. ನಮ್ಮ ಹಿಂದೆ.

ಜಗಳಗಂಟ:
ಕೇಳಲು ಚೆನ್ನಾಗಿದೆ. ಆದರೆ ಐದೇ ಮಕ್ಕಳ ಅಧ್ಯಯನ ಅದು. ಆಮೇಲೆ, ಕಾಗದದ ಲೆಕ್ಕ ಬರದಿದ್ದರೆ ಮುಂದೆ ಬೀಜಗಣಿತ ಹೇಗೆ ಬರುತ್ತೆ? ಬೀದಿಯ ಲೆಕ್ಕ ಬೀದಿಗೇ ಮುಗಿಯುತ್ತೆ.

ಕಪ್ಪುಹಲಗೆ:
ಐದೇ ಮಕ್ಕಳು, ನಿಜ. ಕಾಗದದ ಲೆಕ್ಕ ಬೇಡ ಅಂತ ಯಾರು ಹೇಳಿದರು? ತಲೆಯಲ್ಲಿ ಆಗಲೇ ಇರುವ ಲೆಕ್ಕದಿಂದ ಶುರು ಮಾಡಿ ಎಂದೆ.

ಉತ್ತರಧ್ರುವ:
ಫಿನ್ಲೆಂಡಿನಲ್ಲಿ ಶಾಲೆಯೊಂದರಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿ ನನಗೆ ಮೊದಲು ಆಶ್ಚರ್ಯ ಆಗಿದ್ದು, ಸಹಾಯಕ್ಕೆ ಚೀಟಿ ಬೇಡ ಅನ್ನೋದು. ವಿಶೇಷ ಶಿಕ್ಷಕಿ ಶಾಲೆಯಲ್ಲೇ ಇರುತ್ತಾರೆ. ಓದುವುದು ಕಷ್ಟ ಆದ ಮೂರ್ನಾಲ್ಕು ಮಕ್ಕಳನ್ನು ವಾರದಲ್ಲಿ ಒಂದೆರಡು ಸಲ ಪಕ್ಕದ ಕೋಣೆಗೆ ಕರೆಯುತ್ತಾರೆ. ಸ್ವಲ್ಪ ದಿನ ಆದ ಮೇಲೆ ಆ ಮಕ್ಕಳು ವಾಪಸ್ಸು, ಬೇರೆಯವರು ಒಳಗೆ. ಡಾಕ್ಟರ್ ಪತ್ರ ಕೇಳುವವರಿಲ್ಲ. ಯಾವುದೇ ವರ್ಷ ತೆಗೆದುಕೊಂಡರೂ ಐದರಲ್ಲಿ ಒಬ್ಬರಷ್ಟು ಮಕ್ಕಳು ಇಂಥ ಅಲ್ಪಕಾಲದ ಸಹಾಯ ಪಡೆದಿರುತ್ತಾರೆ. ಅಷ್ಟು ಜನ ಹೋಗಿ ಬಂದು ಮಾಡಿದರೆ ಯಾರು ನಗುತ್ತಾರೆ?

2011ರಲ್ಲಿ ಇದನ್ನು ಮೂರು ಹಂತ ಮಾಡಿ ಕಾನೂನಿಗೆ ಸೇರಿಸಿದರು. 2025ರ ಆಗಸ್ಟ್‌ನಿಂದ ಆ ವ್ಯವಸ್ಥೆಯನ್ನೂ ಬದಲಿಸಿದ್ದಾರೆ. ಕಾಗದಪತ್ರ ಜಾಸ್ತಿ ಆಯಿತು ಅನ್ನೋದು ಟೀಚರುಗಳ ಹಳೆಯ ದೂರು.

ಜಗಳಗಂಟ:
ಜಾಣ ಮಕ್ಕಳಿಗೆ ಫಿನ್ಲೆಂಡಿನಲ್ಲಿ ಏನಿದೆ, ಅದನ್ನೂ ಹೇಳಿ ಮೇಡಂ.

ಉತ್ತರಧ್ರುವ:
ಕಡಿಮೆ. ಚಿಕ್ಕ ಮಕ್ಕಳಿಗೆ ದೇಶಾದ್ಯಂತ ನಡೆಯುವ ಪ್ರತಿಭಾನ್ವಿತರ ಕಾರ್ಯಕ್ರಮ ಅಂತ ಇಲ್ಲ. ದೊಡ್ಡವರಾದ ಮೇಲೆ ಗಣಿತಕ್ಕೆ, ಸಂಗೀತಕ್ಕೆ ಒತ್ತು ಕೊಡುವ ಶಾಲೆಗಳಿವೆ. ನಾನು ನೋಡುವ ಕ್ಲಾಸಿನಲ್ಲೇ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾಳೆ. ಅವಳಿಗೆ ಇನ್ನೊಂದು ಹಾಳೆ ಕೊಡುತ್ತಾರೆ, ಅದೇ ಥರದ ಲೆಕ್ಕ.

ಜಗಳಗಂಟ:
ನೋಡಿ! ಹಿಂದಿದ್ದವರಿಗೆ ಕೈ ಹಿಡಿಯುವುದು ಸರಿ. ಮುಂದಿದ್ದವರಿಗೆ ‘ಕಾಯ್ತಾ ಕೂತಿರು’ ಅನ್ನೋದು ಶಿಕ್ಷಣ ಅಲ್ಲ. ಸಿಂಗಾಪುರ 1984ರಲ್ಲೇ ಗಿಫ್ಟೆಡ್ ಕಾರ್ಯಕ್ರಮ ಶುರು ಮಾಡಿತು. ಚೀನಾದ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ 1978ರಲ್ಲೇ ಹದಿಹರೆಯದವರಿಗೆ ವಿಶೇಷ ತರಗತಿ ತೆರೆಯಿತು. ದಕ್ಷಿಣ ಕೊರಿಯಾ 2000ದಲ್ಲಿ ಇದಕ್ಕೆ ಕಾನೂನನ್ನೇ ತಂದಿತು. ಸುಮ್ನೆ ಮಾಡಿದರಾ ಇವರೆಲ್ಲ?

ಗೆರೆ_ದಾಟಿದವನು:
ಸಿಂಗಾಪುರದಲ್ಲಿ ಇದ್ದು ಬಂದವನು ನಾನು, ಹಾಗಾಗಿ ಪೂರ್ತಿ ಕಥೆ ಹೇಳುತ್ತೇನೆ. ಮೂರನೇ ತರಗತಿಯಲ್ಲಿ ಪರೀಕ್ಷೆ, ಸುಮಾರು ಶೇ 1ರಷ್ಟು ಮಕ್ಕಳ ಆಯ್ಕೆ, ಒಂಬತ್ತು ಶಾಲೆಗಳಿಗೆ ಕಳಿಸುವುದು. ಆ ಪರೀಕ್ಷೆಗೂ ಟ್ಯೂಷನ್ ಸೆಂಟರ್‌ಗಳು ಹುಟ್ಟಿಕೊಂಡವು! ಟ್ಯೂಷನ್ ಕೊಡಿಸಿ ಹುಟ್ಟುಪ್ರತಿಭೆ ಅನ್ನಿಸಿಕೊಳ್ಳುವುದು. ಕೊನೆಗೆ 2024ರಲ್ಲಿ ಪ್ರಧಾನಿಯೇ ಈಗಿರುವ ರೂಪದಲ್ಲಿ ಇದನ್ನು ಮುಂದುವರಿಸಲ್ಲ ಎಂದರು. ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ಅಲ್ಲಲ್ಲೇ ಜಾಣ ಮಕ್ಕಳಿಗೆ ಪಾಠ, ಇನ್ನೂ ಬೇಕಾದವರಿಗೆ ಶಾಲೆ ಮುಗಿದ ಮೇಲೆ ಹತ್ತಿರದ ಶಾಲೆಯಲ್ಲಿ ತರಗತಿ. ಪ್ರೌಢಶಾಲೆಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡುವ ಪದ್ಧತಿಯನ್ನೂ ಅದೇ ವರ್ಷ ಬಿಟ್ಟರು. ಈಗ ಒಬ್ಬ ಹುಡುಗ ಗಣಿತ ಮೇಲಿನ ಮಟ್ಟದ್ದು, ಇಂಗ್ಲಿಷ್ ಕೆಳಗಿನದು ತಗೋಬಹುದು.

ಊರೂರು ಸುತ್ತುವವಳು:
ಇದು ನಮ್ಮ ಮಗನಂಥವರಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಜರ್ಮನ್ ಮತ್ತು ಪರಿಸರ ಪಾಠದ ಗ್ರೇಡು ಗಣಿತದ ಗ್ರೇಡನ್ನೂ ಕೆಳಗೆ ಎಳೆಯುತ್ತೆ. ಮೂರೂ ಸೇರಿ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದು ಬಂದರೆ ಮಾತ್ರ ನೇರವಾಗಿ ಗಿಮ್ನಾಸಿಯಂ. ಇಲ್ಲಿ 1 ಅಂದರೆ ಅತ್ಯುತ್ತಮ. ಹತ್ತು ವರ್ಷಕ್ಕೇ ತೀರ್ಮಾನ.

ಸಂಜೆಮಳೆ:
ಹತ್ತು ವರ್ಷಕ್ಕೆ ವಿಂಗಡಿಸುವುದು ಅಂದಾಗ ನೆನಪಾಯಿತು. ಹುಟ್ಟಿದ ತಿಂಗಳೂ ಲೆಕ್ಕಕ್ಕೆ ಬರುತ್ತೆ ಗೊತ್ತಾ? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಿಸಲು ಡಿಸೆಂಬರ್ 31 ಗಡಿ. ಡಿಸೆಂಬರ್‌ನಲ್ಲಿ ಹುಟ್ಟಿದವರು ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವರು. ಜನವರಿಯಲ್ಲಿ ಹುಟ್ಟಿದವರಿಗೆ ಹೋಲಿಸಿದರೆ ಆ ಹುಡುಗರಿಗೆ ಎಡಿಎಚ್‌ಡಿ ಇದೆ ಅನ್ನುವ ಸಾಧ್ಯತೆ ಶೇ 30 ಹೆಚ್ಚು, ಹುಡುಗಿಯರಿಗೆ ಶೇ 70 ಹೆಚ್ಚು. ಆರು ವರ್ಷದವನು ಆರು ವರ್ಷದವನ ಹಾಗೆ ಆಡಿದ, ಅಷ್ಟೇ. ಡೆನ್ಮಾರ್ಕಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಅಲ್ಲಿ ಇನ್ನೂ ಬಲಿಯದ ಮಗುವನ್ನು ಒಂದು ವರ್ಷ ತಡವಾಗಿ ಸೇರಿಸುವುದು ಮಾಮೂಲಿ.

ಎರಡನೇ ಬೆಂಚು:
ನಾನು ಡಿಸೆಂಬರ್. ಈಗ ಎಲ್ಲ ಅರ್ಥ ಆಯಿತು 😄

ಇಬ್ಬರ ಅಮ್ಮ:
ಚೀಟಿ ಬೇಡ ಅನ್ನುವವರಿಗೆ ನನ್ನದೊಂದು ಮಾತು. ನನ್ನ ಮಗಳಿಗೆ ಆಟಿಸಂ. ಅಮೆರಿಕದಲ್ಲಿದ್ದೇವೆ. ಆ ಹೆಸರು ಕಾಗದದ ಮೇಲೆ ಬರುವ ತನಕ ಶಾಲೆಯವರು ನೋಡೋಣ, ಮಾಡೋಣ ಅಂತಲೇ ಕಳೆದರು. ಬಂದ ಮೇಲೆ ಐಇಪಿ ಸಭೆ, ಅಂದರೆ ಆ ಮಗುವಿಗೇ ಅಂತ ಕಲಿಕೆಯ ಯೋಜನೆ ಬರೆಯುವ ಸಭೆ, ಕರೆಯಲೇಬೇಕಾಯಿತು. ಮೇಜಿನ ಸುತ್ತ ಟೀಚರ್, ವಿಶೇಷ ಶಿಕ್ಷಕಿ, ಮನಶ್ಶಾಸ್ತ್ರಜ್ಞೆ, ನಾನು. ಮಾತಿನ ಥೆರಪಿ ವಾರಕ್ಕೆ ಎಷ್ಟು ನಿಮಿಷ ಅಂತ ಬರೆದು ಕೊಡುತ್ತಾರೆ. ಕೊಡದಿದ್ದರೆ ದೂರು ಕೊಡಬಹುದು. 1975ರ ಕಾನೂನಿನ ಫಲ ಇದು. ಅದಕ್ಕೂ ಮೊದಲು ಇಂಥ ಮಕ್ಕಳನ್ನು ಸೇರಿಸಿಕೊಳ್ಳಲ್ಲ ಅಂತ ನೇರವಾಗಿ ಹೇಳುವ ಶಾಲೆಗಳಿದ್ದವು. ಒಳ್ಳೆಯ ಮನಸ್ಸಿನ ಟೀಚರ್ ಸಿಕ್ಕರೆ ಚೀಟಿ ಬೇಡ, ಸರಿ. ಸಿಗದಿದ್ದರೆ?

ಆಮೇಲೆ, ಅದೇ ದೇಶದಲ್ಲಿ ಗಿಫ್ಟೆಡ್ ಮಕ್ಕಳಿಗೆ ಇಂಥ ಕೇಂದ್ರ ಕಾನೂನು ಇಲ್ಲ. ರಾಜ್ಯಕ್ಕೊಂದು ನಿಯಮ, ಜಿಲ್ಲೆಗೊಂದು ಪದ್ಧತಿ.

ಹಳೇ ಮೇಷ್ಟ್ರು:
ಭಾರತದಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾನೂನು ಬಂದಾಗ ಪಟ್ಟಿ 7ರಿಂದ 21ಕ್ಕೆ ಏರಿತು. ಆಟಿಸಂ, ಕಲಿಕೆಯ ನ್ಯೂನತೆ ಎಲ್ಲ ಒಳಗೆ ಬಂದವು. ಹೆಸರು ಇದ್ದರೆ ಹಕ್ಕು ಕೇಳಬಹುದು, ಅಮ್ಮನವರ ಮಾತು ಸರಿ. ಆದರೆ ಆ ಹೆಸರು ಬೇಕೆಂದು ಹೋಗಲು ಎಷ್ಟು ಮನೆಯವರು ಸಿದ್ಧರಿದ್ದಾರೆ? ನಾನು ಕಲಿಸುತ್ತಿದ್ದಾಗ ಒಬ್ಬ ತಂದೆ, ಪರೀಕ್ಷೆ ಮಾಡಿಸಿ ಎಂದಿದ್ದಕ್ಕೆ ಮಗನನ್ನೇ ಶಾಲೆ ಬಿಡಿಸಿದರು. ‘ನಮ್ಮ ವಂಶದಲ್ಲಿ ಅಂಥದ್ದೆಲ್ಲ ಇಲ್ಲ.’

ಮೌನರಾಗ:
ಇಟಲಿ ಬಗ್ಗೆ ಯಾರೂ ಹೇಳಲಿಲ್ಲ. ಅವರು 1977ರ ಕಾನೂನಿನಲ್ಲಿ ವಿಶೇಷ ತರಗತಿಗಳನ್ನೇ ಮುಚ್ಚಿಬಿಟ್ಟರು. ಎಲ್ಲರೂ ಒಂದೇ ಕ್ಲಾಸು, ಜೊತೆಗೆ ಒಬ್ಬ ಬೆಂಬಲ ಶಿಕ್ಷಕ. ಅವರು ಆ ಮಗುವಿಗೆ ಮಾತ್ರ ಅಲ್ಲ, ಇಡೀ ತರಗತಿಗೆ ಸೇರಿದವರು. ಹಾಗಂತ ಸ್ವರ್ಗ ಏನಲ್ಲ. ಬೆಂಬಲ ಶಿಕ್ಷಕರಲ್ಲಿ ಬಹಳ ಮಂದಿಗೆ ವಿಶೇಷ ತರಬೇತಿ ಇರಲ್ಲ, ವರ್ಷ ಬದಲಾದರೆ ಅವರೂ ಬದಲಾಗುತ್ತಾರೆ.

ಇನ್ನೊಂದು ವಿಷಯ. ನನ್ನ ತಮ್ಮನಿಗೆ ಕಿವಿ ಕೇಳಲ್ಲ. ‘ಎಲ್ಲರ ಜೊತೆ ಓದಲಿ’ ಅಂತ ಸಾಮಾನ್ಯ ಶಾಲೆಗೆ ಹಾಕಿದೆವು. ಎಲ್ಲರ ಜೊತೆ ಕೂತ, ಯಾರ ಜೊತೆಯೂ ಮಾತಾಡಲಿಲ್ಲ. ಕಿವುಡರ ಶಾಲೆಗೆ ಹೋದ ಮೇಲೆ ಸನ್ನೆ ಭಾಷೆ ಕಲಿತ, ಮೊದಲ ಸಲ ಮನೆಗೆ ಬಂದು ಗೆಳೆಯರ ಚಾಡಿ ಹೇಳಿದ. ಅಮ್ಮನಿಗೆ ಸನ್ನೆ ಅರ್ಥ ಆಗದೆ ಬರೆದು ತೋರಿಸಿ ಹೇಳಿದ! ಬೇರೆ ಶಾಲೆ ಅಂದ ಕೂಡಲೇ ದೂರ ತಳ್ಳುವುದು ಅಂತ ಅಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಪ್ಪಂದ ಎಲ್ಲರೂ ಒಟ್ಟಿಗೆ ಕಲಿಯಲಿ ಅನ್ನುತ್ತೆ, ಅದೇ ಒಪ್ಪಂದ ಸನ್ನೆ ಭಾಷೆ ಕಲಿಯಲು ಅನುಕೂಲ ಮಾಡಿ ಅಂತಲೂ ಹೇಳುತ್ತೆ.

ಇಬ್ಬರ ಅಮ್ಮ:
ಚಾಡಿ ಹೇಳಿದ ಅಂತ ಓದಿ ಕಣ್ಣು ತುಂಬಿ ಬಂತು, ನಗುವೂ ಬಂತು.

ಜಗಳಗಂಟ:
ಮೌನರಾಗ ಅವರ ವಾದವನ್ನೇ ನಾನು ಜಾಣ ಮಕ್ಕಳಿಗೂ ಹೇಳುವುದು. ತಮ್ಮಂಥವರ ಜೊತೆ ಕೂತಾಗಲೇ ಅವರೂ ಬಾಯಿ ಬಿಡುತ್ತಾರೆ.

ಕಪ್ಪುಹಲಗೆ:
ಆದರೆ ‘ತಮ್ಮಂಥವರು’ ಯಾರು ಅಂತ ನಾಲ್ಕು ವರ್ಷಕ್ಕೇ ಹೇಗೆ ಹೇಳುತ್ತೀರಿ? ನ್ಯೂಯಾರ್ಕಿನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಗಿಫ್ಟೆಡ್ ಪರೀಕ್ಷೆ ಇತ್ತು, 2021ರಲ್ಲಿ ಕೈಬಿಟ್ಟರು. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಐಕ್ಯೂ ನೋಡಿ ಪ್ರತಿಭಾವಂತ ಮಕ್ಕಳನ್ನು ಆರಿಸಿ ಜೀವನಪೂರ್ತಿ ಗಮನಿಸಿದ. ಪರೀಕ್ಷೆ ಮಾಡಿ ಬೇಡ ಅಂತ ಬಿಟ್ಟವರಲ್ಲಿ ಇಬ್ಬರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್, ಮುಂದೆ ಭೌತಶಾಸ್ತ್ರಕ್ಕೆ ನೊಬೆಲ್ ತಗೊಂಡರು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ.

ಜಗಳಗಂಟ:
ನೊಬೆಲ್ ಬರದಿದ್ದರೆ ದಡ್ಡರಾ? ಟರ್ಮನ್ ಮಕ್ಕಳಲ್ಲಿ ಪ್ರೊಫೆಸರುಗಳು, ಡಾಕ್ಟರುಗಳು ಬೇಕಾದಷ್ಟು ಜನ ಆದರು.

ಕಪ್ಪುಹಲಗೆ:
ಅವರ ಅಪ್ಪಂದಿರೂ ಹೆಚ್ಚಿನವರು ಅಂಥ ಕೆಲಸದವರೇ. ಬನ್ನಿ, ಇದಕ್ಕೆ ಬೇರೆ ಎಳೆ ಶುರು ಮಾಡೋಣ. ಪಾಪ, ಆ ತಾಯಿ ಕೇಳಿದ್ದು ಬೇರೆ.

ಲೆಕ್ಕದಪುಸ್ತಕ:
ಮೇಡಂ, ಜರ್ಮನಿಗೆ ಬೇಕಾದ ಎರಡು ವಿಷಯ. ಅಲ್ಲಿ ‘ನಾಖ್‌ಟೈಲ್ಸ್‌ಆಸ್‌ಗ್ಲೈಖ್’ ಅಂತ ಒಂದಿದೆ, ಹೆಚ್ಚಿನ ಸಮಯ ಮುಂತಾದ ಅನುಕೂಲ. ಪ್ರಶ್ನೆ ಅದೇ, ಅಂಕದಲ್ಲಿ ರಿಯಾಯಿತಿ ಇಲ್ಲ, ಹಾಗಾಗಿ ಬವೇರಿಯಾದಲ್ಲಿ ಗ್ರೇಡ್ ಕಾರ್ಡಿನಲ್ಲಿ ಬರೆಯಲ್ಲ. ಇನ್ನೊಂದು ‘ನೋಟನ್‌ಶುಟ್ಸ್’, ಕಾಗುಣಿತದ ತಪ್ಪಿಗೆ ಅಂಕ ಕಳೆಯಲ್ಲ, ಆದರೆ ಕಾರ್ಡಿನಲ್ಲಿ ಅದನ್ನು ನಮೂದಿಸುತ್ತಾರೆ. ಡಿಸ್ಲೆಕ್ಸಿಯಾ ಇದ್ದ ವಿದ್ಯಾರ್ಥಿಗಳು ಇದರ ವಿರುದ್ಧ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತನಕ ಹೋದರು. 2023ರ ನವೆಂಬರ್‌ನಲ್ಲಿ ತೀರ್ಪು ಬಂತು. ನಮೂದಿಸುವುದೇ ತಪ್ಪಲ್ಲ, ಆದರೆ ಡಿಸ್ಲೆಕ್ಸಿಯಾದವರಿಗೆ ಮಾತ್ರ ನಮೂದಿಸಿ ಬೇರೆಯವರಿಗೆ ಬಿಡುವುದು ತಾರತಮ್ಯ ಅಂತ. ಎರಡನ್ನೂ ಕೇಳುವ ಮೊದಲು ಈ ವ್ಯತ್ಯಾಸ ತಲೆಯಲ್ಲಿರಲಿ. ಶಾಲಾ ಮನಶ್ಶಾಸ್ತ್ರಜ್ಞರ ಅಭಿಪ್ರಾಯ ಪತ್ರ ಬೇಕಾಗುತ್ತೆ.

ಊರೂರು ಸುತ್ತುವವಳು:
ಇದನ್ನು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಶಾಲಾ ಮನಶ್ಶಾಸ್ತ್ರಜ್ಞೆಯ ಹತ್ತಿರ ಸಮಯ ಕೇಳಿ ಮೇಲ್ ಹಾಕಿದೆ. ಯಾವ ಪರೀಕ್ಷೆ ಮಾಡಿಸಲು ಕೇಳಲಿ? ಜರ್ಮನ್‌ನಲ್ಲಿ ಮಾಡಿದರೆ ಮತ್ತೆ ಭಾಷೆಯ ಸಮಸ್ಯೆ ಅಲ್ವಾ?

ಹಳೇ ಮೇಷ್ಟ್ರು:
ಮಾತು ಹೆಚ್ಚು ಬೇಡದ ಪರೀಕ್ಷೆಗಳಿವೆ. ರೇವನ್ಸ್ ಮ್ಯಾಟ್ರಿಸಸ್ ಅಂತ ಕೇಳಿ, ಬರೀ ಚಿತ್ರಗಳ ವಿನ್ಯಾಸ, ಬಿಟ್ಟುಹೋದ ತುಂಡು ಹುಡುಕುವುದು. ಅದೊಂದೇ ಸಾಲದು, ಬರೆಯುವ ವೇಗವನ್ನೂ ಬಾಯಲ್ಲಿ ಹೇಳುವ ಉತ್ತರವನ್ನೂ ಬೇರೆ ಬೇರೆಯಾಗಿ ನೋಡಲು ಹೇಳಿ. ಅಮೆರಿಕದ ಹಳೆಯ ವರದಿ, ಜಪಾನಿನ ನೋಟ್‌ಬುಕ್ ಇದ್ದರೆ ತಗೊಂಡು ಹೋಗಿ. ಮೂರು ದೇಶದಲ್ಲೂ ಕೈಬರಹ ಒಂದೇ ಥರ ಕೆಟ್ಟಿದ್ದರೆ, ಅದು ಬರೀ ಜರ್ಮನ್ ಬರದೆ ಆದದ್ದಲ್ಲ ಅಂತ ಅವರಿಗೂ ಗೊತ್ತಾಗುತ್ತೆ.

ಊರೂರು ಸುತ್ತುವವಳು:
ನೋಟ್‌ಬುಕ್ ಇದೆ. ತೂತು ಬಿದ್ದ ಹಾಳೆಗಳೂ ಇವೆ. ತಗೊಂಡು ಹೋಗುತ್ತೇನೆ.

ಉತ್ತರಧ್ರುವ:
ಕೀಬೋರ್ಡು ಕಲಿಸೋದು ಶುರು ಮಾಡಿದ್ದೀರಾ? ಅಪ್ಪಣೆ ಸಿಕ್ಕ ಮೇಲೆ ಕಲಿಯಲು ಕೂತರೆ ಅದೇ ಒಂದು ಹೊಸ ತೊಂದರೆ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಜಾಗ ಅದಲುಬದಲು, ನೋಡಿಕೊಳ್ಳಿ.

ಎರಡನೇ ಬೆಂಚು:
ಅದಕ್ಕೇ ನಮ್ಮ ಆಫೀಸಿನ ಜರ್ಮನ್ ಲ್ಯಾಪ್‌ಟಾಪಿನಲ್ಲಿ ನನ್ನ ಪಾಸ್‌ವರ್ಡ್ ಯಾವತ್ತೂ ತಪ್ಪು ಅನ್ನುತ್ತಿತ್ತಾ!